ಮಧ್ಯಾಹ್ನ ಪಾರ್ಕಿಗೆ ಬೀಗ ಯಾಕೆ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಒಂದು ದೊಡ್ಡ ಪಾರ್ಕ್ ಇದೆ. ಸುತ್ತ ಕಬ್ಬಿಣದ ಗ್ರಿಲ್, ಒಳಗೆ ವಾಕಿಂಗ್ ಪಾತ್, ಮಕ್ಕಳಿಗೆ ಜಾರುಬಂಡೆ, ಒಂದು ಮೂಲೆಯಲ್ಲಿ ಓಪನ್ ಜಿಮ್. ಹನ್ನೆರಡು ವರ್ಷದಿಂದ ಬೆಳಿಗ್ಗೆ ಆರಕ್ಕೆ ಅಲ್ಲಿ ನಾಲ್ಕು ಸುತ್ತು ಹಾಕಿ ಬರುತ್ತೇನೆ. ಆದರೆ ಮಧ್ಯಾಹ್ನದ ಹೊತ್ತು ಅದು ಹೇಗಿರುತ್ತೆ ಅಂತ ನೋಡಿಯೇ ಇರಲಿಲ್ಲ. ಹೋದ ವಾರ ನೋಡಿದೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಬ್ಯಾಂಕ್ ಕೆಲಸ ಮುಗಿಸಿಕೊಂಡು ನಡೆದು ಬರುತ್ತಿದ್ದೆ. ಹನ್ನೆರಡೂವರೆ ಆಗಿತ್ತು. ನೆತ್ತಿ ಸುಡುವ ಬಿಸಿಲು. ಪಾರ್ಕಿನ ಪಶ್ಚಿಮದ ಗೇಟಿನ ಪಕ್ಕ, ಫುಟ್‌ಪಾತಿನ ಮೇಲೆ, ಒಬ್ಬ ಹೆಂಗಸು ಗ್ರಿಲ್‌ಗೆ ಬೆನ್ನು ಕೊಟ್ಟು ಕೂತು ಊಟ ಮಾಡುತ್ತಿದ್ದರು. ಸ್ಟೀಲ್ ಡಬ್ಬಿಯ ಮುಚ್ಚಳವೇ ತಟ್ಟೆ. ಅನ್ನ, ಸೊಪ್ಪಿನ ಸಾರು. ತಲೆ ಮೇಲೆ ಸೆರಗು ಹೊದ್ದಿದ್ದರು. ನೆರಳು ಅಂತ ಇದ್ದದ್ದು ಒಂದು ಗೇಣು. ಅಷ್ಟರಲ್ಲೇ ಇರಬೇಕು ಅಂತ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಹತ್ತಿರ ಹೋದಾಗ ಗುರುತು ಸಿಕ್ಕಿತು. ನಮ್ಮ ಬೀದಿಯಲ್ಲೇ ಮನೆಕೆಲಸ ಮಾಡುವವರು.

'ಇಲ್ಲಿ ಯಾಕೆ ಕೂತಿದ್ದೀರಿ, ಒಳಗೆ ಹೋಗಬಾರದಾ?' ಅಂದೆ. ಕೇಳಿದ ಮೇಲೆ ಗೇಟಿನ ಕಡೆ ನೋಡಿದೆ. ದಪ್ಪ ಚೈನು, ಅದಕ್ಕೊಂದು ಬೀಗ.

'ಬೀಗ ಹಾಕವ್ರೆ ಕಣಕ್ಕ. ನಾಕ್ ಗಂಟೆಗೆ ತೆಗೀತಾರೆ. ಅಷ್ಟೊತ್ತಿಗೆ ನಂಗೆ ಆಚೆ ಮನೆ ಕೆಲ್ಸ.'

ಬೆಳಗಿನ ಮನೆಗಳ ಕೆಲಸ ಹನ್ನೊಂದೂವರೆಗೆ ಮುಗಿಯುತ್ತಂತೆ. ಮತ್ತೆ ಶುರುವಾಗುವುದು ಮೂರಕ್ಕೆ. ಮನೆ ರಿಂಗ್ ರೋಡ್ ಆಚೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಇಲ್ಲ, ಆದರೆ ಬಸ್ಸಿಗೆ ಕಾದು ಹೋಗಿ ಬರುವುದರಲ್ಲಿ ಎರಡು ಗಂಟೆ ಕಳೆದುಹೋಗುತ್ತೆ. ಅದಕ್ಕೇ ಇಲ್ಲಿ ಕೂರುವುದು. 'ಹನ್ನೊಂದ್ ಗಂಟೆಗಂಟ ಮರದ್ ನೆಳ್ಳು ಈಚ್ಗೇ ಬೀಳ್ತದೆ ಕಣಕ್ಕ. ಆಮೇಕೆ ಒಳೀಕೆ ಹೊಂಟೋಯ್ತದೆ' ಅಂದರು.

ತಲೆ ಎತ್ತಿ ನೋಡಿದೆ. ಗ್ರಿಲ್ ಒಳಗೆ ಒಂದು ಭಾರಿ ಮಳೆಮರ. ಅದರ ಕೆಳಗೆ ನಾಲ್ಕು ಕಲ್ಲು ಬೆಂಚು. ನಾಲ್ಕೂ ಖಾಲಿ. ನಾಲ್ಕರ ಮೇಲೂ ತಂಪಾದ ನೆರಳು.

ಮಳೆಮರದ ಎಲೆ ಗಮನಿಸಿದ್ದೀರಾ? ಬಿಸಿಲಿದ್ದಾಗ ಪೂರ್ತಿ ಬಿಚ್ಚಿಕೊಂಡಿರುತ್ತೆ. ಸಂಜೆ ಆಗುತ್ತಿದ್ದ ಹಾಗೆ ಎರಡೆರಡು ಎಲೆ ಒಂದಕ್ಕೊಂದು ಕೈ ಮುಗಿದ ಹಾಗೆ ಮುದುಡಿಕೊಳ್ಳುತ್ತೆ. ಅಂದರೆ ಆ ಮರ ಕೊಡೆ ಬಿಚ್ಚಿ ನಿಂತಿರುವ ಹೊತ್ತಿಗೇ ನಾವು ಬೀಗ ಹಾಕಿರುತ್ತೇವೆ. ನಾವು ಸಂಜೆ ವಾಕಿಂಗ್ ಮುಗಿಸುವಷ್ಟರಲ್ಲಿ ಅದು ಕೊಡೆ ಮಡಚಿರುತ್ತೆ.

ಬೋರ್ಡ್ ಓದಿದೆ. ಬೆಳಿಗ್ಗೆ 5ರಿಂದ 10, ಸಂಜೆ 4ರಿಂದ 8. ಈ ಟೈಮ್ ಯಾರಿಗೋಸ್ಕರ ಇಟ್ಟಿದ್ದು? ನನಗೋಸ್ಕರ. ವಾಕಿಂಗ್ ಶೂ ಹಾಕಿಕೊಂಡು ಬಂದು, ಮನೆಗೆ ಹೋಗಿ ಫ್ಯಾನ್ ಕೆಳಗೆ ಕೂರುವವರಿಗೋಸ್ಕರ. ಮಧ್ಯಾಹ್ನ ಪಾರ್ಕ್ ಬೇಕಾಗಿರುವುದು ಫ್ಯಾನ್ ಇಲ್ಲದ ಜಾಗದಲ್ಲಿ ದುಡಿಯುವವರಿಗೆ. ಬೆಳಗಿನ ಜಾವದಿಂದ ಕಸ ಗುಡಿಸಿದ ಪೌರಕಾರ್ಮಿಕರಿಗೆ. ಸ್ವಿಗ್ಗಿ, ಜೊಮ್ಯಾಟೊ ಹುಡುಗರಿಗೆ. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರಿಗೆ. ಪಿಜಿಯ ಬಿಸಿ ರೂಮಲ್ಲಿ ಓದಲಾಗದ ಮಕ್ಕಳಿಗೆ.

ಮೊದಲಾದರೆ ರಸ್ತೆಯಲ್ಲೇ ಬೇಕಾದಷ್ಟು ನೆರಳಿತ್ತು. ಈಗ ಅದೂ ಕಮ್ಮಿಯಾಗುತ್ತಿದೆ. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯಲ್ಲಿ 40 ಮರ ಕಡಿದಾಗ ಊರಿನ ಜನ ಬೀದಿಗೆ ಬಂದರು. ನಾನೂ ಹೋಗಿದ್ದೆ. ಕಡಿದ ಬೊಡ್ಡೆಗಳನ್ನು ನೋಡಿ ಕಣ್ಣಲ್ಲಿ ನೀರು ಬಂತು. ಆದರೆ ನಮ್ಮ ಬೀದಿಯಲ್ಲೇ ನೆರಳನ್ನು ಗ್ರಿಲ್ ಒಳಗೆ ಕೂಡಿ ಹಾಕಿರುವುದು ಅವತ್ತು ನನ್ನ ತಲೆಗೆ ಬರಲಿಲ್ಲ.

ನಮ್ಮ ಊರು ಬೆಳೆದ ರೀತಿ ನೆನೆಸಿಕೊಂಡರೆ ಇನ್ನೂ ಬೇಜಾರಾಗುತ್ತೆ. ಸುಮಾರು ನೂರಿಪ್ಪತ್ತೈದು ವರ್ಷದ ಹಿಂದೆ ಪ್ಲೇಗ್ ಬಂದು ಮೈಸೂರು ತತ್ತರಿಸಿತ್ತು. ಇಕ್ಕಟ್ಟಾದ ಕೇರಿಗಳಲ್ಲಿ ಗಾಳಿ ಬೆಳಕಿಲ್ಲದೆ ಬದುಕುತ್ತಿದ್ದವರೇ ಜಾಸ್ತಿ ನರಳಿದ್ದು. ಆಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿ, ಅಗಲವಾದ ರಸ್ತೆ, ಬಯಲು ಜಾಗ ಇರುವ ಹೊಸ ಬಡಾವಣೆಗಳನ್ನು ಕಟ್ಟಿದರು. ಬಯಲು ಜಾಗ ಬಿಟ್ಟದ್ದೇ ಜನರ ಆರೋಗ್ಯಕ್ಕೆ. ನಜರ್‌ಬಾದ್ ಕಡೆ ಇರುವ ಹಳೇ ಪಾರ್ಕಿನ ಹೆಸರೇ ಪೀಪಲ್ಸ್ ಪಾರ್ಕ್, ಅಲ್ವಾ?

ಕಾನೂನೂ ಇದೆ. ರಾಜ್ಯದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸುವುದಕ್ಕೆ ಅಂತಲೇ 1985ರ ಕಾಯಿದೆ ಬಂತು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ಸುಮ್ನೆ ಕೂರಲಿಲ್ಲ. ಕೋರ್ಟಿಗೆ ಹೋದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು, 1991ರಲ್ಲಿ ಅವರೇ ಗೆದ್ದರು. ಪಾರ್ಕ್ ಉಳಿಸಿಕೊಳ್ಳಲು ಜನ ಅಷ್ಟು ಕಷ್ಟಪಟ್ಟಿದ್ದಾರೆ. ಉಳಿದ ಪಾರ್ಕಿಗೆ ಹಗಲು ಹೊತ್ತಲ್ಲೇ ಆರು ಗಂಟೆ ಬೀಗ ಹಾಕುವುದು ನ್ಯಾಯವಾ?

ನಮ್ಮ ವಾಕಿಂಗ್ ಗುಂಪಿನಲ್ಲಿ ಈ ಮಾತು ತೆಗೆದೆ. ಒಬ್ಬರು, 'ತೆರೆದಿಟ್ಟರೆ ಕುಡುಕರು ಬಂದು ಮಲಗುತ್ತಾರೆ' ಅಂದರು. ಇನ್ನೊಬ್ಬರು, 'ಕಾಲೇಜು ಹುಡುಗ ಹುಡುಗಿಯರು ಬಂದು ಕೂರುತ್ತಾರೆ' ಅಂದರು. ಎರಡನೆಯದನ್ನು ನಾನು ತೊಂದರೆ ಅಂತ ಒಪ್ಪುವುದಿಲ್ಲ. ಇಬ್ಬರು ಮಕ್ಕಳು ಹಗಲು ಹೊತ್ತಲ್ಲಿ ಬೆಂಚಿನ ಮೇಲೆ ಕೂತು ಮಾತಾಡಿದರೆ ಯಾರಿಗೇನು ನಷ್ಟ? ಕುಡುಕರ ಭಯ ನಿಜ. ನನಗೂ ಇದೆ. ಆದರೆ ಕುಡುಕರು ಹುಡುಕುವುದು ಜನ ಇಲ್ಲದ ಜಾಗ. ಊಟದ ಡಬ್ಬಿ ಬಿಚ್ಚಿಕೊಂಡು ಹತ್ತು ಜನ ಹೆಂಗಸರು ಕೂತಿರುವ ಕಡೆ ಅವರು ಬಾಟಲಿ ತೆಗೆಯುವುದು ಕಷ್ಟ. ಜೊತೆಗೆ ಮಧ್ಯಾಹ್ನಕ್ಕೊಬ್ಬ ಕಾವಲುಗಾರರು ಬೇಕು, ಒಪ್ಪುತ್ತೇನೆ. ಓಪನ್ ಜಿಮ್‌ಗೆ, ನೆಲಕ್ಕೆಲ್ಲ ಟೈಲ್ಸ್ ಹಾಕುವುದಕ್ಕೆ ದುಡ್ಡು ಸಿಗುತ್ತೆ. ಒಬ್ಬರ ಸಂಬಳಕ್ಕೆ ಸಿಗಲ್ವಾ? ಬೆಂಗಳೂರಿನಲ್ಲಿ 2024ರಲ್ಲಿ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೇಳಿದರು. ನಮ್ಮಲ್ಲಿ ಯಾಕಾಗಬಾರದು?

ಸ್ವಚ್ಛ ಮಾಡಬೇಕು, ಗಿಡಕ್ಕೆ ನೀರು ಬಿಡಬೇಕು ಅನ್ನುವುದು ಇನ್ನೊಂದು ಕಾರಣ. ಅದನ್ನು ಒಂದೊಂದು ಭಾಗ ಹಂಚಿಕೊಂಡು ಮಾಡಬಹುದು.

ಅವತ್ತು ನಾನು ಆಕೆಗೆ, 'ನಾಳೆಯಿಂದ ನಮ್ಮನೆ ಜಗಲಿ ಮೇಲೆ ಬಂದು ಕೂತ್ಕೊಳ್ಳಿ' ಅಂದೆ. ಆಕೆ ನಕ್ಕರು. 'ಬತ್ತೀನಿ ಬುಡಕ್ಕ. ಆದ್ರೆ ನಿಮ್ಮನೇಲಿ ಕಾಲ್ ನೀಡ್ಕಂಡು ಕೂರಕ್ಕಾದದಾ?'

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಜಗಲಿ ಮೇಲೆ ಕೂತರೆ ಆಕೆ ನಮ್ಮ ಋಣದಲ್ಲಿ ಕೂತ ಹಾಗೆ. ಪಾರ್ಕಿನ ಬೆಂಚಿನ ಮೇಲೆ ಯಾರ ಹಂಗೂ ಇಲ್ಲ. ಅರ್ಧ ಗಂಟೆ ಕಾಲು ಚಾಚಿ, ಕಣ್ಣು ಮುಚ್ಚಿ ಒರಗಬಹುದು.

ಒಂದು ಅರ್ಜಿ ಬರೆದಿದ್ದೇನೆ. ಒಂದೇ ಪುಟ. ಕೇಳಿರುವುದು ಮೂರೇ: ಮಧ್ಯಾಹ್ನ ಗೇಟ್ ತೆರೆದಿರಲಿ, ಕುಡಿಯುವ ನೀರಿನ ನಲ್ಲಿ ರಿಪೇರಿ ಆಗಲಿ, ಹೆಂಗಸರ ಶೌಚಾಲಯದ ಬೀಗ ತೆಗೆಯಲಿ. ಈ ಭಾನುವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ಪಶ್ಚಿಮದ ಗೇಟಿನ ಹತ್ತಿರ ಇರುತ್ತೇನೆ. ನಮ್ಮ ಕಡೆಯವರು ಬಂದು ಸಹಿ ಹಾಕಿ. ಬೇರೆ ಬಡಾವಣೆಯವರು ಒಂದು ಸಲ ಮಧ್ಯಾಹ್ನ ಹನ್ನೆರಡೂವರೆಗೆ ನಿಮ್ಮ ಪಾರ್ಕಿನ ಗೇಟಿನ ಹತ್ತಿರ ಹೋಗಿ, ಹೊರಗೆ ಯಾರು ಕೂತಿದ್ದಾರೆ ನೋಡಿ ಬನ್ನಿ.

ಈ ಅರ್ಜಿಗೆ ಇಲ್ಲಿಯವರೆಗೆ ಏಳು ಸಹಿ ಬಿದ್ದಿವೆ. ಮೊದಲ ಸಹಿ ಆಕೆಯದ್ದು.