ಸತ್ಯಾಂಶ: ಸೆರೆಯಲ್ಲಿ ಚಾರ್ಲ್ಸ್ ದೊರೆ ಸುಮ್ಮನೆ ಕೂತಿರಲಿಲ್ಲ

ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಪಾರ್ಲಿಮೆಂಟಿನ ವಿರುದ್ಧದ ಅಂತರ್ಯುದ್ಧದಲ್ಲಿ ಸೆರೆ ಸಿಕ್ಕ ಮೇಲೆ ಕತ್ತಲೆ ಕೋಣೆಯಲ್ಲಿದ್ದ, ತಲೆ ಹೋಗುವವರೆಗೂ ತುಟಿ ಬಿಚ್ಚಲಿಲ್ಲ ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

1647ರ ನವೆಂಬರಿನಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಿಂದ ತಪ್ಪಿಸಿಕೊಂಡಾಗಲೇ ಅವನು ಕೋಣೆಯಲ್ಲಿ ಪತ್ರಗಳನ್ನು ಬರೆದಿಟ್ಟು ಹೋಗಿದ್ದ. ಆಮೇಲೆ ಅವನು ಸೆರೆಯಾಗಿದ್ದದ್ದು ವೈಟ್ ದ್ವೀಪದ ಕ್ಯಾರಿಸ್‌ಬ್ರೂಕ್ ಕೋಟೆಯಲ್ಲಿ. 1648ರ ಜನವರಿಯಲ್ಲಿ ಪಾರ್ಲಿಮೆಂಟು ಇನ್ನು ದೊರೆಯ ಜೊತೆ ಮಾತುಕತೆಯೇ ಬೇಡ ಅಂದಾಗ, ಅವನು ಅವರನ್ನು ಬಿಟ್ಟು ನೇರವಾಗಿ ತನ್ನ ಎಲ್ಲ ಪ್ರಜೆಗಳಿಗೇ ಒಂದು ಹೇಳಿಕೆ ಬರೆದ, ನಾನು ಶಾಂತಿ ಕೇಳಿದೆ, ನನ್ನ ಮಾತು ಕೇಳುವವರೇ ಇಲ್ಲ ಅಂತ. ಅದು ಅಚ್ಚಾಗಿ ಜನರ ಕೈ ಸೇರಿತು. ಗುಟ್ಟಿನ ಲಿಪಿಯಲ್ಲಿ ಬರೆದ ಪತ್ರಗಳೂ ಕಾವಲಿನವರ ಕಣ್ಣು ತಪ್ಪಿಸಿ ಹೊರಗೆ ಹೋಗುತ್ತಿದ್ದವು.

ಹಾಗಂತ ಬರೀ ಅಮಾಯಕ ಅಂತಲೂ ನಂಬಬೇಡಿ. ಆ ಹೇಳಿಕೆಗೆ ಕೆಲವೇ ವಾರ ಮೊದಲು, 1647ರ ಡಿಸೆಂಬರಿನಲ್ಲಿ, ಸೈನ್ಯ ಕಳಿಸಿ ಅಂತ ಸ್ಕಾಟ್ಲೆಂಡಿನವರ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದ. 1648ರಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತಲ್ವಾ, ಅದಕ್ಕೆ ಇದೂ ಒಂದು ದೊಡ್ಡ ಕಾರಣ.