ಎಸ್ಕೋರಿಯಲ್‌ನಲ್ಲಿ ನನ್ನ ಮಂಡಿ

ಅರಮನೆ, ಮಠ, ರಾಜರ ಸಮಾಧಿ ಮೂರೂ ಒಂದೇ ಸೂರಿನಡಿ ಇವೆ ಎಂದು ಕೇಳಿ, ಮ್ಯಾಡ್ರಿಡ್‌ನಲ್ಲಿರುವ ಮಗಳ ಮನೆಯಿಂದ ನಾನೂ ನನ್ನವಳೂ ಎಸ್ಕೋರಿಯಲ್‌ಗೆ ರೈಲು ಹತ್ತಿದೆವು. ಇಳಿದಾಗ ಸ್ಟೇಷನ್ನಿನ ಬಳಿ ಬಸ್ಸಿತ್ತು. "ಇಷ್ಟು ದೂರಕ್ಕೆ ಬಸ್ಸು ಯಾಕೆ, ತೋಟದಲ್ಲೇ ನಡೆಯೋಣ" ಎಂದವನು ನಾನೇ. ತೋಟ ಚೆಂದವೇ, ಆದರೆ ದಾರಿಯೆಲ್ಲ ಏರು. ಮಂಡಿ ಹಿಡಿದುಕೊಂಡು ಮೇಲೆ ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಸೋಮವಾರ ರಜೆಯಂತೆ.

"ಕಟಿಂಗ್ ಶಾಪಿಗೆ ಮಂಗಳವಾರ ರಜೆ ಅಂತ ನೆನಪಿರುತ್ತೆ, ಇದನ್ನ ಕೇಳ್ಕೊಂಡು ಬರಕ್ಕಾಗಲ್ವೇನ್ರೀ?"

ಕಟ್ಟೆಯ ಮೇಲೆ ಕೂತು, ತಂದಿದ್ದ ಪುಳಿಯೋಗರೆ ತಿಂದು, ವಾಪಸ್ ಬಂದೆವು.

ಮಾರನೆಯ ದಿನ ಬಸ್ಸಿನಲ್ಲೇ ಹೋದೆವು. ಇದನ್ನು ಕಟ್ಟಿಸಿದ ಸ್ಪೇನಿನ ಎರಡನೇ ಫಿಲಿಪ್ ದೊರೆಗೆ 1557ರ ಆಗಸ್ಟ್ 10ರಂದು, ಸಂತ ಲಾರೆನ್ಸ್‌ನ ಹಬ್ಬದ ದಿನ, ಫ್ರೆಂಚರ ಮೇಲೆ ಗೆಲುವು ಸಿಕ್ಕಿತು. ಕಟ್ಟಡ ಆ ಸಂತನಿಗೇ ಅರ್ಪಣೆ. ಅವನನ್ನು ಕಬ್ಬಿಣದ ಜಾಲರಿಯ ಮೇಲೆ ಸುಟ್ಟರಂತೆ. ಈ ಕಟ್ಟಡದ ನಕ್ಷೆಯೂ ಅದೇ ಜಾಲರಿಯ ಆಕಾರ ಎನ್ನುತ್ತಾರೆ. "ಈ ಕಡೆ ಬೆಂದಿದೆ, ಮಗುಚಿ ಹಾಕಿ" ಎಂದು ಸಂತ ಹೇಳಿದನೆಂಬ ಕಥೆಯನ್ನು ನಾನು ಭಕ್ತಿಯಿಂದ ಓದಿ ಹೇಳಿದೆ. "ನೋಡಿ, ಅವರಿಗಾದ್ರೂ ಮಗುಚೋದು ಗೊತ್ತಿತ್ತು" ಎಂದಳು. ಹೋದ ಭಾನುವಾರ ನಾನು ಸೀಯಿಸಿದ ದೋಸೆಯ ಬಾಕಿ ಇನ್ನೂ ತೀರಿರಲಿಲ್ಲ.

1563ರಲ್ಲಿ ಶುರುವಾದ ಕೆಲಸ 1584ಕ್ಕೆ ಮುಗಿಯಿತು. ಬರೀ 21 ವರ್ಷ! ನಮ್ಮ 30-40 ಸೈಟಿನ ಮನೆಗೆ ಮೇಸ್ತ್ರಿ ನಾಲ್ಕು ವರ್ಷ ತೆಗೆದುಕೊಂಡಿದ್ದ, ಅದರಲ್ಲಿ ಸಮಾಧಿ ಬೇರೆ ಇರಲಿಲ್ಲ.

ಗ್ರಂಥಾಲಯದಲ್ಲಿ ಪುಸ್ತಕಗಳನ್ನೆಲ್ಲ ಬೆನ್ನು ಒಳಗೆ, ಚಿನ್ನದ ಅಂಚು ಹೊರಗೆ ಬರುವಂತೆ ಜೋಡಿಸಿದ್ದಾರೆ. ನಮ್ಮ ಮನೆಯಲ್ಲೂ ಕೆಲಸದವಳು ಧೂಳು ಹೊಡೆದ ಮೇಲೆ ಹೀಗೇ ಇಡುತ್ತಾಳೆ. ಇನ್ನುಮೇಲೆ ಗೊಣಗುವ ಹಾಗಿಲ್ಲ.

ಅಷ್ಟು ದೊಡ್ಡ ಅರಮನೆಯಲ್ಲಿ ದೊರೆಯ ಮಲಗುವ ಕೋಣೆ ಮಾತ್ರ ಪುಟ್ಟದು. ಹಾಸಿಗೆಯಲ್ಲಿದ್ದುಕೊಂಡೇ ಚರ್ಚಿನ ಪೂಜೆ ಕಾಣುವಂತೆ ಪಕ್ಕದಲ್ಲಿ ಕಿಂಡಿ. ಪಾಪ, ವಾತರೋಗ, ಕಾಲು ಊರಲಾಗುತ್ತಿರಲಿಲ್ಲ. 1598ರಲ್ಲಿ ಕೊನೆಯ ಸಲ ಮ್ಯಾಡ್ರಿಡ್‌ನಿಂದ ಇಲ್ಲಿಗೆ ಅವನನ್ನು ಹೊತ್ತು ತಂದ ಕುರ್ಚಿಯೂ ಅಲ್ಲಿದೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ ನನಗೆ ಇಡೀ ಎಸ್ಕೋರಿಯಲ್‌ನಲ್ಲಿ ಹೊಟ್ಟೆಕಿಚ್ಚು ಹುಟ್ಟಿಸಿದ ವಸ್ತು ಅದೊಂದೇ.

ನನ್ನವಳು ಕೆಳಗಿನ ರಾಜಸಮಾಧಿ ನೋಡಲು ಹೊರಟಳು. ತೀರಿಕೊಂಡ ರಾಜರ ದೇಹ ಮೊದಲು 'ಕೊಳೆಯುವ ಕೋಣೆ'ಯಲ್ಲಿ ದಶಕಗಟ್ಟಲೆ ಇದ್ದು, ಆಮೇಲೆ ಅಮೃತಶಿಲೆಯ ಪೆಟ್ಟಿಗೆ ಸೇರುತ್ತದಂತೆ. ಅವರಿಗೂ ವೇಟಿಂಗ್ ಲಿಸ್ಟು. ಮೆಟ್ಟಿಲು ನೋಡಿ ನಾನು ಅಲ್ಲೇ ಉಳಿದೆ. ನನ್ನ ಅವಸ್ಥೆ ಕಂಡ ಕಾವಲಿನ ಹೆಂಗಸು ಎದ್ದು ತನ್ನ ಕುರ್ಚಿ ತೋರಿಸಿ, ಆಚೆ ಕೋಣೆಗೆ ಹೋದಳು. ಕೂತೆ. ಸ್ವರ್ಗ!

ಅಷ್ಟರಲ್ಲಿ ಒಂದು ದೊಡ್ಡ ಗುಂಪು ಬಂತು. ಮುಂದಿದ್ದ ಅಜ್ಜಿಯೊಬ್ಬರು ನನ್ನ ಹತ್ತಿರ ಬಗ್ಗಿ, ಸ್ಪ್ಯಾನಿಷ್‌ನಲ್ಲಿ ಏನೋ ಅವಸರವಾಗಿ ಕೇಳಿದರು. ಸಮಾಧಿಯ ಮೆಟ್ಟಿಲ ಕಡೆ ಗಂಭೀರವಾಗಿ ಕೈ ತೋರಿಸಿದೆ. ಎಲ್ಲರೂ ಸಾಲಾಗಿ ಇಳಿದರು. ಹತ್ತು ನಿಮಿಷದ ಮೇಲೆ ನನ್ನವಳು ಬಂದು ಹೇಳಿದಳು: "ರೀ, ಅಲ್ಲೊಂದು ಅಜ್ಜಿ ಟಾಯ್ಲೆಟ್ ಎಲ್ಲಿ ಅಂತ ರಾಜರ ಪೆಟ್ಟಿಗೆಗಳ ಮಧ್ಯೆ ಹುಡುಕ್ತಾ ಇದೆ. ಯಾರೋ ಪುಣ್ಯಾತ್ಮ ಇಲ್ಲೇ ಅಂದನಂತೆ."

ಮಂಡಿನೋವು ಮರೆತು ಎದ್ದೆ.