ಅಯನ ಸಂಕ್ರಾಂತಿಯೂ ಮೂರು ಗೋಳಗಳ ಸಾಲೂ

ಜೂನ್ ಮತ್ತು ಡಿಸೆಂಬರ್ ತಿಂಗಳುಗಳ ಮೂರನೆಯ ವಾರ ಬಂತೆಂದರೆ ಒಂದು ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಸೂರ್ಯ, ಚಂದ್ರ, ಭೂಮಿ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ ಮಣಿಗಳಂತೆ ಬರೆದ ಚಿತ್ರ ಅದು. ಅಯನ ಸಂಕ್ರಾಂತಿಯ ದಿನ ಮೂರೂ ಸಾಲಾಗಿ ನಿಲ್ಲುತ್ತವೆ, ಆ ಹೊತ್ತಿನಲ್ಲಿ ಅಪಾರ ಶಕ್ತಿ ಹೊಮ್ಮುತ್ತದೆ ಅಥವಾ ದೊಡ್ಡ ಅನಾಹುತವೊಂದು ಕಾದಿದೆ ಎಂಬ ಒಕ್ಕಣೆ ಕೆಳಗಿರುತ್ತದೆ. 2020ರ ಜೂನ್ 21ರಂದು ಅಯನ ಸಂಕ್ರಾಂತಿ ಮತ್ತು ಕಂಕಣ ಸೂರ್ಯಗ್ರಹಣ ಒಟ್ಟಿಗೆ ಬಂದಾಗ ಲೋಕವೇ ಮುಗಿಯುತ್ತದೆ ಎಂಬ ಸುದ್ದಿಯೂ ಹಬ್ಬಿತ್ತು. ಆಗಲೇ ಕಾಯಿಲೆಯ ಭಯದಲ್ಲಿ ಮನೆಯೊಳಗೆ ಕುಳಿತಿದ್ದ ಜನರ ಮೇಲೆ ಇನ್ನೊಂದು ಭಯವನ್ನು ಹೇರಿದ್ದು ನನಗೆ ಇಂದಿಗೂ ಬೇಸರ ತರುತ್ತದೆ. ಅದಕ್ಕಿಂತ ಹೆಚ್ಚಿನ ಬೇಸರವೆಂದರೆ, ಆಕಾಶದಲ್ಲಿ ಅಂದು ನಿಜಕ್ಕೂ ನಡೆಯುತ್ತಿದ್ದ ಸೊಗಸಾದ ಲೆಕ್ಕಾಚಾರವನ್ನು ಈ ಚಿತ್ರ ಪೂರ್ತಿಯಾಗಿ ಮರೆಮಾಡಿಬಿಟ್ಟಿತು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಅಯನ ಸಂಕ್ರಾಂತಿ ಮೂರು ಕಾಯಗಳಿಗೆ ಸಂಬಂಧಿಸಿದ್ದಲ್ಲ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ಓರೆಯಾಗಿದೆ. ವರ್ಷದುದ್ದಕ್ಕೂ ಆ ಓರೆಯ ದಿಕ್ಕು ಹೆಚ್ಚುಕಡಿಮೆ ಬದಲಾಗದೆ ಉಳಿಯುವುದರಿಂದ, ಸೂರ್ಯನನ್ನು ಸುತ್ತುವಾಗ ಒಮ್ಮೆ ಉತ್ತರ ಧ್ರುವ ಸೂರ್ಯನ ಕಡೆಗೆ ಅತಿ ಹೆಚ್ಚು ಬಾಗಿರುತ್ತದೆ, ಆರು ತಿಂಗಳ ಬಳಿಕ ದಕ್ಷಿಣ ಧ್ರುವ ಬಾಗಿರುತ್ತದೆ. ಆ ಎರಡು ಗಳಿಗೆಗಳೇ ಅಯನ ಸಂಕ್ರಾಂತಿಗಳು. ಚಂದ್ರ ಆ ದಿನ ಎಲ್ಲಿದ್ದಾನೆ, ತದಿಗೆಯೋ ಅಷ್ಟಮಿಯೋ ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಆ ದಿನ ಕಣ್ಣಿಗೆ ಕಾಣುವ ವಿಶೇಷವೆಂದರೆ ಸೂರ್ಯನ ತಂಗುವಿಕೆ. ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗುವ ಮಾರ್ಚ್ ಅಥವಾ ಸೆಪ್ಟೆಂಬರಿನ ವಿಷುವದ ಸುಮಾರಿಗೆ ಸೂರ್ಯ ಒಂದೇ ದಿನದಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ತನ್ನ ಬಿಂಬದ ಮುಕ್ಕಾಲು ಪಾಲಿನಷ್ಟು ಜರುಗಿದರೆ, ಅಯನ ಸಂಕ್ರಾಂತಿಯ ಮರುದಿನ ಅವನು ಜರುಗುವುದು ಬಿಂಬದ ಸುಮಾರು ನೂರೈವತ್ತರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ದಿಗಂತದಲ್ಲಿ ಸೂರ್ಯ ಏಳುವ ಜಾಗ ಹಲವು ದಿನ ಬದಲಾಗದಂತೆ ತೋರುತ್ತದೆ.

ಇನ್ನು ಸಾಲಿನ ವಿಷಯ. ಸೂರ್ಯ, ಚಂದ್ರ, ಭೂಮಿ ಸುಮಾರಾಗಿ ಒಂದೇ ಗೆರೆಗೆ ಬರುವುದನ್ನು ನಾವು ಅಮಾವಾಸ್ಯೆ ಮತ್ತು ಹುಣ್ಣಿಮೆ ಎಂದು ಕರೆಯುತ್ತೇವೆ. ಅದು ಸರಾಸರಿ 14.77 ದಿನಕ್ಕೊಮ್ಮೆ ನಡೆಯುತ್ತದೆ, ವರ್ಷಕ್ಕೆ ಇಪ್ಪತ್ತನಾಲ್ಕು ಇಪ್ಪತ್ತೈದು ಬಾರಿ. ಯಾವುದೇ ಅಯನ ಸಂಕ್ರಾಂತಿಯನ್ನು ತೆಗೆದುಕೊಂಡರೂ ಅದರ ಹಿಂದಿನ ಅಥವಾ ಮುಂದಿನ ಒಂದು ದಿನದೊಳಗೆ ಹುಣ್ಣಿಮೆಯೋ ಅಮಾವಾಸ್ಯೆಯೋ ಬೀಳುವ ಸಾಧ್ಯತೆ ಹೆಚ್ಚುಕಡಿಮೆ ಏಳರಲ್ಲಿ ಒಂದು. ವರ್ಷಕ್ಕೆ ಎರಡು ಸಂಕ್ರಾಂತಿಗಳಿರುವುದರಿಂದ ಸರಾಸರಿ ಮೂರು ನಾಲ್ಕು ವರ್ಷಕ್ಕೊಮ್ಮೆ ಇಂತಹ ಜೋಡಿ ಕೂಡಿಬರುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರೂ ಇಂಥ ಹಲವು ಜೋಡಿಗಳನ್ನು ಗಮನಿಸದೆಯೇ ದಾಟಿ ಬಂದಿದ್ದೇವೆ.

ಆದರೆ ಅಮಾವಾಸ್ಯೆಯ ಸಾಲು ನಿಜವಾದ ಸಾಲಲ್ಲ, ಮತ್ತು ಹಾಳೆಯ ಮೇಲಿನ ಚಿತ್ರ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲಿಯೇ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಯ ಸಮತಲಕ್ಕೆ ಸುಮಾರು 5.1 ಡಿಗ್ರಿ ಓರೆಯಾಗಿದೆ. ಕೇಳುವುದಕ್ಕೆ ಸಣ್ಣ ಸಂಖ್ಯೆ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿರುವುದರಿಂದ ಆ ಐದು ಡಿಗ್ರಿ ಎಂದರೆ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಸುಮಾರು 34 ಸಾವಿರ ಕಿಲೋಮೀಟರ್, ಅಂದರೆ ಭೂಮಿಯ ವ್ಯಾಸದ ಎರಡೂವರೆ ಪಟ್ಟಿಗೂ ಹೆಚ್ಚು. ಬಹುಪಾಲು ಅಮಾವಾಸ್ಯೆಗಳಲ್ಲಿ ಚಂದ್ರನ ನೆರಳು ಭೂಮಿಯನ್ನು ಮುಟ್ಟದೆ ಆಚೆಗೆ ಹೋಗಿಬಿಡುತ್ತದೆ. ಎರಡು ಸಮತಲಗಳು ಕತ್ತರಿಸುವ ಜಾಗಗಳ ಬಳಿ ಸೂರ್ಯ ಇರುವಾಗ ಅಮಾವಾಸ್ಯೆ ಬಂದರೆ ಮಾತ್ರ ಗ್ರಹಣ. ಆ ಎರಡು ಪಾತಬಿಂದುಗಳಿಗೆ ನಮ್ಮ ಜ್ಯೋತಿರ್ಗಣಿತ ಬಹಳ ಹಿಂದೆಯೇ ರಾಹು ಮತ್ತು ಕೇತು ಎಂದು ಹೆಸರಿಟ್ಟಿತ್ತು. ಅವು ನಿಂತಲ್ಲೇ ನಿಂತಿಲ್ಲ, ಹಿಮ್ಮುಖವಾಗಿ ಜರುಗುತ್ತಾ 18.6 ವರ್ಷಕ್ಕೊಮ್ಮೆ ಇಡೀ ಸುತ್ತನ್ನು ಪೂರೈಸುತ್ತವೆ. ಆದ್ದರಿಂದ ಸೂರ್ಯ ರಾಹುವನ್ನು ಬಿಟ್ಟು ಮತ್ತೆ ರಾಹುವನ್ನೇ ಸೇರಲು 365 ದಿನ ಬೇಕಾಗುವುದಿಲ್ಲ, 346.62 ದಿನ ಸಾಕು. ಇದೇ ಗ್ರಹಣವರ್ಷ.

ಈಗ ಮೂರು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಹತ್ತೊಂಬತ್ತು ಸೌರವರ್ಷಗಳೆಂದರೆ 6939.60 ದಿನ. ಇನ್ನೂರ ಮೂವತ್ತೈದು ಚಾಂದ್ರಮಾಸಗಳೆಂದರೆ 6939.69 ದಿನ. ಇಪ್ಪತ್ತು ಗ್ರಹಣವರ್ಷಗಳೆಂದರೆ 6932.4 ದಿನ. ಮೊದಲ ಎರಡರ ನಡುವಿನ ವ್ಯತ್ಯಾಸ ಸುಮಾರು ಎರಡು ಗಂಟೆ, ಮೂರನೆಯದು ಏಳು ದಿನ ಹಿಂದಿದೆ. ಮೊದಲ ಎರಡರ ಈ ಹೊಂದಾಣಿಕೆಗೆ ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನ ಖಗೋಳಜ್ಞ ಮೆಟಾನನ ಹೆಸರಿದೆ. ಇದರ ಫಲವೆಂದರೆ, ಒಂದು ಅಯನ ಸಂಕ್ರಾಂತಿಯಂದು ಗ್ರಹಣವಾದರೆ ಹತ್ತೊಂಬತ್ತು ವರ್ಷಗಳ ನಂತರ ಅದೇ ದಿನಾಂಕದ ಸುಮಾರಿಗೆ ಮತ್ತೊಂದು ಗ್ರಹಣ ಬರುವ ಸಂಭವ ಬಹಳ. ಹಾಗೆಯೇ ಬಂದಿದೆ ಕೂಡ. 1982ರ ಜೂನ್ 21ರಂದು ಪಾರ್ಶ್ವ ಸೂರ್ಯಗ್ರಹಣವಾಯಿತು. 2001ರ ಜೂನ್ 21ರಂದು ಖಗ್ರಾಸ ಗ್ರಹಣ. 2020ರ ಜೂನ್ 21ರಂದು ಕಂಕಣ ಗ್ರಹಣ. 2039ರ ಜೂನ್ 21ರಂದು ಮತ್ತೆ ಕಂಕಣ ಗ್ರಹಣವಿದೆ, 2058ರ ಜೂನ್ 21ರಂದು ಚಿಕ್ಕದೊಂದು ಪಾರ್ಶ್ವ ಗ್ರಹಣವಿದೆ. ಲೋಕಾಂತ್ಯದ ಸುದ್ದಿ ಹಬ್ಬಿಸಿದವರು ಕ್ಯಾಲೆಂಡರಿನಲ್ಲಿ ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಿ ನೋಡಿದ್ದರೆ ಸಾಕಿತ್ತು, ಅದೇ ದಿನಾಂಕದಂದು ಇನ್ನೂ ದೊಡ್ಡ ಗ್ರಹಣವೊಂದು ಆಗಿಹೋಗಿತ್ತು.

ಈ ಐದು ಗ್ರಹಣಗಳನ್ನು ಭೂಪಟದ ಮೇಲೆ ಗುರುತಿಸಿದಾಗ ಆದ ಸಂತೋಷವನ್ನು ಇಲ್ಲಿ ಹಂಚಿಕೊಳ್ಳದಿರಲಾರೆ. 1982ರಲ್ಲಿ ನೆರಳಿನ ಅಂಚು ದಕ್ಷಿಣ ಅಟ್ಲಾಂಟಿಕ್ ಮತ್ತು ಆಫ್ರಿಕಾದ ದಕ್ಷಿಣ ತುದಿಯನ್ನು ಸವರಿಕೊಂಡು ಹೋಯಿತು. 2001ರಲ್ಲಿ ದಟ್ಟ ನೆರಳು ಅಂಗೋಲಾ, ಜಾಂಬಿಯಾ, ಜಿಂಬಾಬ್ವೆ, ಮೊಜಾಂಬಿಕ್, ಮಡಗಾಸ್ಕರ್‌ಗಳ ಮೇಲೆ ಸಾಗಿತು. 2020ರಲ್ಲಿ ಅದು ಕಾಂಗೋದಿಂದ ಇಥಿಯೋಪಿಯಾ, ಯೆಮನ್, ಓಮನ್, ಪಾಕಿಸ್ತಾನ, ಉತ್ತರ ಭಾರತ, ಟಿಬೆಟ್ ಹಾದು ತೈವಾನಿನ ಆಚೆಗೆ ಹೋಯಿತು. 2039ರಲ್ಲಿ ಅದು ಅಲಾಸ್ಕಾ, ಉತ್ತರ ಕೆನಡಾ, ಗ್ರೀನ್‌ಲ್ಯಾಂಡ್, ನಾರ್ವೆ, ಫಿನ್‌ಲ್ಯಾಂಡ್‌ಗಳ ಕಡೆ ಹಾಯಲಿದೆ. 2058ರಲ್ಲಿ ಉತ್ತರದ ತುತ್ತತುದಿಯನ್ನಷ್ಟೇ ಸೋಕಲಿದೆ. ಮೇಲೆ ಹೇಳಿದ ಆ ಏಳು ದಿನಗಳ ವ್ಯತ್ಯಾಸವೇ ಪ್ರತಿ ಹತ್ತೊಂಬತ್ತು ವರ್ಷಕ್ಕೊಮ್ಮೆ ನೆರಳನ್ನು ಒಂದೊಂದು ಹೆಜ್ಜೆ ಉತ್ತರಕ್ಕೆ ಸರಿಸುತ್ತಿದೆ. ದಕ್ಷಿಣದ ಅಂಚಿನಿಂದ ಭೂಮಿಯ ಮೇಲೆ ಹತ್ತಿ, ಉತ್ತರದ ಅಂಚಿನಿಂದ ಇಳಿದುಹೋಗಲು ಅದಕ್ಕೆ ಎಪ್ಪತ್ತಾರು ವರ್ಷ, ಒಂದು ಮನುಷ್ಯಾಯುಷ್ಯದಷ್ಟು ಕಾಲ.

ಅಪರೂಪದ ಬಗ್ಗೆ ನಾವು ಆಡುವ ಮಾತುಗಳನ್ನೂ ಸ್ವಲ್ಪ ಪರೀಕ್ಷಿಸಬೇಕು. 2010ರ ಡಿಸೆಂಬರ್ 21ರಂದು ಖಗ್ರಾಸ ಚಂದ್ರಗ್ರಹಣ ಮತ್ತು ಅಯನ ಸಂಕ್ರಾಂತಿ ಒಂದೇ ದಿನ ಬಂದಾಗ, 1638ರ ಬಳಿಕ ಇದೇ ಮೊದಲು, ಮುಂದಿನದು 2094ರಲ್ಲಿ ಎಂದು ಪತ್ರಿಕೆಗಳು ಬರೆದವು. ಜಾಗತಿಕ ಸಮಯದ, ಅಂದರೆ ಗ್ರೀನಿಚ್ ಗಡಿಯಾರದ, ದಿನಾಂಕವನ್ನಷ್ಟೇ ಹಿಡಿದರೆ ಅದು ಸುಳ್ಳಲ್ಲ. ಆದರೆ ಅಂದು ಗ್ರಹಣದ ನಡುಗಾಲಕ್ಕೂ ಸಂಕ್ರಾಂತಿಯ ಗಳಿಗೆಗೂ ಸುಮಾರು ಹದಿನೈದೂವರೆ ಗಂಟೆಯ ಅಂತರವಿತ್ತು. 2029ರ ಡಿಸೆಂಬರಿನ ಖಗ್ರಾಸ ಚಂದ್ರಗ್ರಹಣಕ್ಕೂ ಆ ವರ್ಷದ ಸಂಕ್ರಾಂತಿಗೂ ಇರುವ ಅಂತರವೂ ಹದಿನೈದೂವರೆ ಗಂಟೆಯೇ. ಆ ಗ್ರಹಣದ ನಡುಗಾಲ ಜಾಗತಿಕ ಸಮಯದಲ್ಲಿ ಡಿಸೆಂಬರ್ 20ರ ರಾತ್ರಿ 10 ಗಂಟೆ 42 ನಿಮಿಷಕ್ಕೆ ಬೀಳುವುದರಿಂದ, ಅಂದರೆ ನಡುರಾತ್ರಿಗೆ ಒಂದೂಕಾಲು ಗಂಟೆ ಮೊದಲು ಬೀಳುವುದರಿಂದ, ಅದು ಪಟ್ಟಿಯಿಂದ ಹೊರಗುಳಿಯಿತು. ಪೂರ್ವದ ದೇಶಗಳ ಗಡಿಯಾರದಲ್ಲಿ ಅಷ್ಟು ಹೊತ್ತಿಗೆ 21 ಆಗಿರುತ್ತದೆ. ನೂರಾರು ವರ್ಷಗಳ ಅಪರೂಪವೆಂದು ನಾವು ಬೆರಗುಪಟ್ಟದ್ದು ಬಹಳಮಟ್ಟಿಗೆ ನಾವೇ ಎಳೆದ ದಿನಾಂಕದ ಗೆರೆಯ ಕೆಲಸ.

ಶಕ್ತಿಯ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಸಾಲಿನಿಂದ ನಿಜಕ್ಕೂ ಹೆಚ್ಚಾಗುವುದು ಕಡಲಿನ ಉಬ್ಬರ, ಅದೂ ಪ್ರತಿ ಹುಣ್ಣಿಮೆ ಅಮಾವಾಸ್ಯೆಗೆ. ದಿನಕ್ಕೆ ಎರಡು ಬಾರಿ ಸರಿಸುಮಾರು ಸಮನಾಗಿ ಉಕ್ಕುವ ಕಡಲತೀರಗಳಲ್ಲಿ ಅತಿ ದೊಡ್ಡ ಉಬ್ಬರಗಳು ಬರುವುದು ಸೂರ್ಯ ಚಂದ್ರರಿಬ್ಬರೂ ಸಮಭಾಜಕದ ನೇರಕ್ಕೆ ಸಮೀಪವಿರುವ ವಿಷುವದ ಸುಮಾರಿಗೆ, ಅಯನ ಸಂಕ್ರಾಂತಿಯ ಸುಮಾರಿಗಲ್ಲ. ಜೂನ್ ಸಂಕ್ರಾಂತಿಯ ವೇಳೆಗಂತೂ ಭೂಮಿ ಸೂರ್ಯನಿಂದ ಅತಿ ದೂರದ ಬಿಂದುವಿಗೆ, ಸುಮಾರು 15.2 ಕೋಟಿ ಕಿಲೋಮೀಟರಿಗೆ, ಎರಡೇ ವಾರಗಳಷ್ಟು ಹತ್ತಿರದಲ್ಲಿರುತ್ತದೆ, ಹಾಗಾಗಿ ಸೂರ್ಯನ ಸೆಳೆತವೂ ಆಗ ಕಡಿಮೆಯೇ.

ಹಾಗಾದರೆ ಚಂದ್ರನಿಗೂ ಅಯನ ಸಂಕ್ರಾಂತಿಗೂ ಸಂಬಂಧವೇ ಇಲ್ಲವೆ ಎಂದು ಕೇಳಿದರೆ, ಇದೆ, ಆದರೆ ಯಾವ ಚಿತ್ರವೂ ತೋರಿಸದ ಕಡೆ ಇದೆ. 1993ರಲ್ಲಿ ಫ್ರೆಂಚ್ ಖಗೋಳಜ್ಞ ಜಾಕ್ ಲಾಸ್ಕರ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕಾಚಾರಗಳು ಭೂಮಿಯ ಅಕ್ಷದ ಓರೆಯನ್ನು ಕೋಟ್ಯಂತರ ವರ್ಷ ಹತೋಟಿಯಲ್ಲಿ ಹಿಡಿದಿಡುವುದರಲ್ಲಿ ಚಂದ್ರನ ಪಾತ್ರ ದೊಡ್ಡದೆಂದು ತೋರಿಸಿದವು. ಅಂಥ ದೊಡ್ಡ ಚಂದ್ರನಿಲ್ಲದ ಮಂಗಳದ ಓರೆ ಬಹಳ ವಿಸ್ತಾರವಾದ ಮಿತಿಗಳ ನಡುವೆ ತೂಗಾಡುತ್ತದೆ. ಅಯನ ಸಂಕ್ರಾಂತಿಗೆ ಕಾರಣವಾದ ಓರೆಯನ್ನು ಕಾಯುತ್ತಿರುವವನು ಚಂದ್ರನೇ, ಒಂದು ದಿನದ ಮಟ್ಟಿಗಲ್ಲದೆ ಎಲ್ಲ ದಿನವೂ.

ಸಂಕ್ರಾಂತಿಯ ಹುಣ್ಣಿಮೆಯನ್ನು ನೋಡಬೇಕಾದ ಬಗೆ ಬೇರೆಯೇ ಇದೆ. ಹುಣ್ಣಿಮೆಯ ಚಂದ್ರ ಸೂರ್ಯನ ಎದುರಿಗೆ ಇರುವುದರಿಂದ ಜೂನಿನಲ್ಲಿ ಅವನು ಡಿಸೆಂಬರಿನ ಸೂರ್ಯನ ದಾರಿಯನ್ನೂ ಡಿಸೆಂಬರಿನಲ್ಲಿ ಜೂನಿನ ಸೂರ್ಯನ ದಾರಿಯನ್ನೂ ಹಿಡಿಯುತ್ತಾನೆ. ಜೂನ್ ಹುಣ್ಣಿಮೆಯ ಸಂಜೆ ಸೂರ್ಯ ಪಶ್ಚಿಮದಿಂದ ಉತ್ತರಕ್ಕೆ ಸರಿದು ಮುಳುಗುತ್ತಿರುವಾಗ, ಚಂದ್ರ ಪೂರ್ವದಿಂದ ದಕ್ಷಿಣಕ್ಕೆ ಸರಿದು, ಆರು ತಿಂಗಳ ಬಳಿಕ ಸೂರ್ಯ ಏಳಲಿರುವ ಜಾಗದ ಸಮೀಪದಲ್ಲಿ ಏಳುತ್ತಾನೆ. ಎಷ್ಟು ಸಮೀಪ ಎಂಬುದನ್ನು ರಾಹು ಕೇತುಗಳ ಸ್ಥಾನ ನಿರ್ಧರಿಸುತ್ತದೆ. ಪಾತಬಿಂದುಗಳು ವಿಷುವ ಸ್ಥಾನಗಳಲ್ಲಿದ್ದರೆ, ಅಂದರೆ ವಿಷುವದ ದಿನ ಸೂರ್ಯ ಇರುವ ಜಾಗಗಳಲ್ಲಿದ್ದರೆ, ಸಂಕ್ರಾಂತಿಯ ಹುಣ್ಣಿಮೆಯ ಚಂದ್ರ ಆ ಜಾಗದಿಂದ ಪೂರ್ತಿ ಐದು ಡಿಗ್ರಿ ದೂರ ಹೋಗಬಲ್ಲ. 2024ರ ಜೂನಿನಲ್ಲಿ ಸಂಕ್ರಾಂತಿಯ ಸುಮಾರು 28 ಗಂಟೆಗಳ ಬಳಿಕ ಬಂದ ಹುಣ್ಣಿಮೆಯ ಚಂದ್ರ ಸಮಭಾಜಕದಿಂದ 28 ಡಿಗ್ರಿಗೂ ಹೆಚ್ಚು ದಕ್ಷಿಣದಲ್ಲಿದ್ದ. ಸೂರ್ಯ ಎಂದೂ ಅಷ್ಟು ದೂರ ಹೋಗುವುದಿಲ್ಲ. ಅಂತಹ ವರ್ಷಗಳಲ್ಲಿ ಸಂಕ್ರಾಂತಿಯಂದು ಗ್ರಹಣ ಸಾಧ್ಯವೇ ಇಲ್ಲ. ಪಾತಬಿಂದುಗಳು ಸಂಕ್ರಾಂತಿ ಸ್ಥಾನಗಳಿಗೆ ಬಂದಾಗ ಚಂದ್ರ ಸೂರ್ಯನ ಹಾದಿಯನ್ನೇ ತುಳಿಯುತ್ತಾನೆ, ಆಗ ಗ್ರಹಣ. 2010ರಲ್ಲಿ, 2020ರಲ್ಲಿ ಆದದ್ದು ಅದೇ.

2029ರ ಡಿಸೆಂಬರ್ 20 ಮತ್ತು 21ರ ನಡುವಿನ ರಾತ್ರಿ ಮತ್ತೆ ಹಾಗೆಯೇ ಆಗಲಿದೆ. ಯುರೋಪ್, ಆಫ್ರಿಕಾ ಮತ್ತು ಏಷ್ಯಾದ ಬಹುಭಾಗದಲ್ಲಿ ಆಕಾಶ ತಿಳಿಯಾಗಿದ್ದರೆ ಸುಮಾರು 54 ನಿಮಿಷಗಳ ಕಾಲ ಚಂದ್ರ ತಾಮ್ರದ ಬಣ್ಣದಲ್ಲಿ ಕಾಣುತ್ತಾನೆ. ಅಂದು ಅವನು ಆಕಾಶದಲ್ಲಿ ಹಾದುಹೋಗುವ ದಾರಿಯನ್ನು ಒಂದು ಮರದ ತುದಿಗೋ ಗೋಡೆಯ ಅಂಚಿಗೋ ಹೊಂದಿಸಿ ಗುರುತು ಮಾಡಿಟ್ಟುಕೊಳ್ಳಿ. ಮುಂದಿನ ಜೂನಿನಲ್ಲಿ ಸೂರ್ಯ ಅದೇ ಗುರುತಿನ ಮೇಲೆ ಬರುತ್ತಾನೆ.